ಹತ್ತು ತಿಂಗಳಾಯ್ತು, ಇನ್ನೂ ‘ಅಮ್ಮ’ ಅಂದಿಲ್ಲ

ಪ್ರಶ್ನೆ: ಮೇಡಂ, ಮಗಳಿಗೆ ಹತ್ತು ತಿಂಗಳು. ದಿನವಿಡೀ ‘ಬಬಬ, ದದದ’, ಆದ್ರೆ ‘ಅಮ್ಮ’ ಅಂದಿಲ್ಲ. ಏನು ಬೇಕಿದ್ರೂ ಬೆರಳು ತೋರಿಸಿ ‘ಊಂ ಊಂ’ ಅಂತಾಳೆ. ತೋರಿಸಿದ್ದನ್ನೆಲ್ಲ ಕೊಟ್ಟು ಕೊಟ್ಟು ನೀನೇ ಮಾತು ಬರದ ಹಾಗೆ ಮಾಡ್ತಿದ್ದೀಯ ಅಂತ ಅತ್ತೆ ಬೈತಾರೆ. ನಾನು ಕನ್ನಡ, ಯಜಮಾನರು ತುಳು ಮಾತಾಡ್ತೀವಿ. ಅದಕ್ಕೇ ಗೊಂದಲ ಆಗಿದ್ಯಾ?

ಉತ್ತರ (ವಾಕ್ ಮತ್ತು ಶ್ರವಣ ತಜ್ಞೆ): ಹತ್ತು ತಿಂಗಳಿಗೆ ‘ಅಮ್ಮ’ ಬಂದಿಲ್ಲ ಅಂದ್ರೆ ಏನೂ ತಡವಾಗಿಲ್ಲ. ನಾನು ಕ್ಲಿನಿಕ್ಕಲ್ಲಿ ಮೊದಲು ನೋಡೋದೇ ಆ ಬೆರಳನ್ನ. ನಲ್ಲಿ ಕಡೆ ತೋರಿಸಿ, ಆಮೇಲೆ ತಿರುಗಿ ನಿಮ್ಮ ಮುಖ ನೋಡ್ತಾಳಾ? ಕೈಗೆ ಬೇಡದ ವಸ್ತು, ಕಿಟಕಿ ಆಚೆಯ ಕಾಗೆಯನ್ನೂ, ಬರೀ ‘ನೋಡು’ ಅನ್ನೋಕೆ ತೋರಿಸ್ತಾಳಾ? ಹಾಗಿದ್ರೆ ಅವಳು ನಿಮ್ಮ ಜೊತೆ ಮಾತಾಡ್ತಾನೇ ಇದ್ದಾಳೆ. ‘ಹೂಂ, ನಲ್ಲಿ. ನೀರು ಬರ್ತಿದೆ’ ಅಂತ ಉತ್ತರ ಕೊಡಿ. ‘ಹೇಳಿದ್ರೇ ಕೊಡೋದು’ ಅಂತ ಸತಾಯಿಸಬೇಡಿ.

ತುಳು ನಿಲ್ಲಿಸಲೇಬೇಡಿ. ಕೆನಡಾದ ಮನಃಶಾಸ್ತ್ರಜ್ಞೆ ಜಾನೆಟ್ ವರ್ಕರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಯ 6–8 ತಿಂಗಳ ಕೂಸುಗಳು ಹಿಂದಿಯ ತ–ಟ ವ್ಯತ್ಯಾಸ ಹಿಡಿದವು. 10–12 ತಿಂಗಳಿನ ಹೆಚ್ಚಿನವಕ್ಕೆ ಅದು ತಿಳಿಯಲಿಲ್ಲ, ಯಾಕಂದ್ರೆ ಅವರ ಮನೇಲಿ ಅದು ಕಿವಿಗೆ ಬೀಳ್ತಿರಲಿಲ್ಲ. ಈ ವಯಸ್ಸಲ್ಲಿ ಕೇಳಿಸಿದ ಭಾಷೆಗೆ ಕಿವಿ ಹದವಾಗುತ್ತೆ. ಎರಡು ಕೇಳಿಸಿದ್ರೆ ಎರಡಕ್ಕೂ.

ಇನ್ನೊಬ್ಬರು: ನಮ್ಮ ಮಗ ಫೋನಲ್ಲಿ ರೈಮ್ಸ್ ಹಾಕಿದ್ರೆ ಅಲ್ಲಾಡದೆ ಕೂರ್ತಾನೆ. ಭಾಷೆ ಕಲೀತಾನಲ್ವಾ?

ಉತ್ತರ: ಊಟ ಮಾಡಿಸೋಕೆ ಸುಲಭ ಆಗುತ್ತೆ ಸರ್, ಅಷ್ಟೇ! ಮಕ್ಕಳು ಭಾಷೆ ಕಲಿಯೋದನ್ನ ಅಧ್ಯಯನ ಮಾಡೋ ಪೆಟ್ರೀಷಿಯಾ ಕೂಲ್ ತಂಡದ 2003ರ ಪ್ರಯೋಗದಲ್ಲಿ ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಚೀನಿ ಭಾಷೆ ಕೇಳಿಸಿದ್ರು. ಎದುರು ಕೂತು ಆಡಿಸಿದವರಿಂದ ಮಕ್ಕಳು ಅದರ ಧ್ವನಿಭೇದ ಕಲಿತವು, ಅದೇ ಜನರ ವಿಡಿಯೊದಿಂದ ಕಲಿಯಲಿಲ್ಲ. ಸ್ಕ್ರೀನ್ ಮಗುವಿನ ‘ಬಬ’ಕ್ಕೆ ತಿರುಗಿ ಉತ್ತರ ಕೊಡಲ್ಲ.

ಮತ್ತೊಬ್ಬರು: ಪಾಪುಗೆ 11 ತಿಂಗಳು. ಹೆಸರು ಹಿಡಿದು ಕರೆದ್ರೆ ತಿರುಗಲ್ಲ, ‘ಬಬಬ’ ಕೂಡ ಕಮ್ಮಿಯಾಗಿದೆ. ತಟ್ಟೆ ಬಡಿದ್ರೆ ಮಾತ್ರ ತಿರುಗುತ್ತೆ, ಕಿವಿ ಸರಿ ಇದೆ ಅಲ್ವಾ?

ಉತ್ತರ: ತಟ್ಟೆ ಸದ್ದು ಕೇಳಿಸೋ ಮಗುವಿಗೆ ಮಾತು ಕೇಳಿಸದೇ ಇರಬಹುದಮ್ಮ. ಕಿವಿ ಕೇಳದ ಕೂಸುಗಳೂ ಮೊದಲ ತಿಂಗಳುಗಳಲ್ಲಿ ‘ಊ, ಆ’ ಅಂತಾವೆ, ಅದಕ್ಕೇ ಮನೆಯವರಿಗೆ ಗೊತ್ತಾಗಲ್ಲ. ಕಾಯಬೇಡಿ, ಈ ವಾರವೇ ಒಎಇ (ಒಳಕಿವಿ ಸದ್ದಿಗೆ ಸ್ಪಂದಿಸುತ್ತಾ ಅಂತ ನೋಡೋದು), ಬೆರಾ (ಸದ್ದು ಕಿವಿಯ ನರದಿಂದ ಮೆದುಳಿಗೆ ತಲುಪುತ್ತಾ ಅಂತ ನೋಡೋದು) ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದ್ರೆ ಆಯಿಷ್‌ನಲ್ಲಿ ಮಾಡ್ತಾರೆ. ದೂರ ಆದ್ರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಕಿವಿ ಸರಿ ಇದ್ರೂ ಮಕ್ಕಳ ಡಾಕ್ಟರಿಗೆ ತೋರಿಸಿ, ಇದ್ದ ಸದ್ದು ಕಮ್ಮಿಯಾಗೋದನ್ನ ನಾವು ಹಗುರವಾಗಿ ತಗೊಳ್ಳಲ್ಲ. ಬೆರಾ ಮಾಡುವಾಗ ಮಗು ನಿದ್ದೆಯಲ್ಲಿರಬೇಕು, ಹಾಗಾಗಿ ಹೋಗುವಾಗ ಬಸ್ಸಲ್ಲಿ ಮಲಗೋಕೆ ಬಿಡಬೇಡಿ.