ಎದುರಾಳಿಯ ಬಲ ಸೇರಿಸಿದರೂ ನನ್ನ ಐಪಿಎಲ್ ಲೆಕ್ಕ ಯಾಕೆ ತಪ್ಪುತ್ತಿದೆ?

ಸಿಂಧನೂರು ಗುಮಾಸ್ತ:
ಸಿಂಧನೂರಿನ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಇಲ್ಲಿ ಭತ್ತದ ತೇವ ನೋಡದೆ ಯಾರೂ ದರ ಹೇಳುವುದಿಲ್ಲ. ಐಪಿಎಲ್‌ನ ನೆಟ್ ರನ್‌ರೇಟ್ (ತಂಡ ಓವರಿಗೆ ಹೊಡೆದ ರನ್‌ನಲ್ಲಿ ಓವರಿಗೆ ಬಿಟ್ಟುಕೊಟ್ಟ ರನ್ ಕಳೆದದ್ದು) ಮಾತ್ರ ಎದುರಾಳಿ ಯಾರೆಂದು ನೋಡುವುದೇ ಇಲ್ಲ. 2022ರಿಂದ ಹತ್ತು ತಂಡ, ಪ್ರತಿ ತಂಡಕ್ಕೆ 14 ಲೀಗ್ ಪಂದ್ಯ. ಐದು ತಂಡಗಳ ಜೊತೆ ಎರಡೆರಡು ಸಲ, ನಾಲ್ಕು ತಂಡಗಳ ಜೊತೆ ಒಂದೇ ಸಲ. ದುರ್ಬಲ ತಂಡ ಎರಡು ಸಲ ಸಿಕ್ಕವರ ರನ್‌ರೇಟ್ ಉಬ್ಬುತ್ತದೆ, ಅಲ್ವಾ?

ಅದಕ್ಕೆ ಎಕ್ಸೆಲ್‌ನಲ್ಲಿ ರೇಟಿಂಗ್, ಅಂದರೆ ಪ್ರತಿ ತಂಡದ ಬಲ ಹೇಳುವ ಒಂದು ಅಂಕಿ, ಮಾಡಿದೆ. ಓವರಿಗೆ ಎಷ್ಟು ರನ್ ಅಂತರ ಎಂಬುದರ ಸರಾಸರಿ ತೆಗೆದು, ಆಡಿದ ಎದುರಾಳಿಗಳ ಸರಾಸರಿ ರೇಟಿಂಗ್ ಕೂಡಿಸುವುದು. ಅವರ ರೇಟಿಂಗ್ ಬದಲಾದರೆ ಇವರದೂ ಬದಲಾಗುತ್ತದೆ. ಅಂಕಿ ಅಲುಗಾಡದೆ ನಿಲ್ಲುವ ತನಕ ಮತ್ತೆ ಮತ್ತೆ ಲೆಕ್ಕ ಹಾಕಿದೆ.

ನಾನು ದುಡ್ಡು ಕಟ್ಟುವವನಲ್ಲ. ಬೆಟ್ಟಿಂಗ್ ದರ ನನಗೆ ಬರೀ ಅಳತೆಗೋಲು. ದರ 1.80 ಇದ್ದರೆ (ಒಂದು ರೂಪಾಯಿ ಕಟ್ಟಿ ಗೆದ್ದವನಿಗೆ ಒಟ್ಟು 1.80 ವಾಪಸ್), ಬುಕ್ಕಿಯ ಲಾಭವೂ ಸೇರಿ, ಗೆಲ್ಲುವ ಸಾಧ್ಯತೆ ಸುಮಾರು 55.6%. ಹಳೆಯ ಸೀಸನ್‌ಗಳಲ್ಲಿ ನನ್ನ ಲೆಕ್ಕ ಆ ದರವನ್ನೂ ಮೀರಿಸಿತು. ಹೊಸ ಸೀಸನ್‌ನಲ್ಲಿ ಟಾಸ್ ಹಾಕಿ ಹೇಳಿದಷ್ಟೇ ಆಯಿತು. ಎರಡು ತಿಂಗಳ ರಾತ್ರಿಗಳು ಇದಕ್ಕೇ ಹೋಗಿವೆ. ಎಲ್ಲಿ ಎಡವಿದೆ?

ಗಂಗಾವತಿ ಹುಡುಗ:
ಅಣ್ಣಾ, ಏಪ್ರಿಲ್ ಪಂದ್ಯ ಹೇಳುವಾಗ ಯಾವ ದಿನದ ರೇಟಿಂಗ್ ಹಾಕಿದ್ರಿ?

ಸಿಂಧನೂರು ಗುಮಾಸ್ತ:
ಇಡೀ ಸೀಸನ್‌ಗೆ ಒಂದೇ ರೇಟಿಂಗ್. ಲೀಗ್ ಮುಗಿದ ಮೇಲೆ ಬಂದದ್ದು.

ಗಂಗಾವತಿ ಹುಡುಗ:
ತಪ್ಪು ಅಲ್ಲೇ ಇದೆ. ಮೇ ತಿಂಗಳ ಫಲಿತಾಂಶ ಏಪ್ರಿಲ್‌ಗೇ ಗೊತ್ತಿತ್ತು ಎಂದಂತಾಯಿತು. ಅಷ್ಟೇ ಅಲ್ಲ, ಯಾವ ಪಂದ್ಯ ಹೇಳಬೇಕೋ ಅದರ ಫಲಿತಾಂಶವೇ ಆ ರೇಟಿಂಗ್‌ನೊಳಗೆ ಸೇರಿದೆ. ಕೊಯ್ಲಾದ ಮೇಲೆ ಚೀಲ ಎಣಿಸಿ, ನಾಟಿ ಮಾಡುವಾಗಲೇ ಇಳುವರಿ ಹೇಳಿದ್ದೆ ಅಂದರೆ ಒಪ್ತಾರಾ? ಪ್ರತಿ ಪಂದ್ಯಕ್ಕೆ ಹಿಂದಿನ ದಿನದವರೆಗಿನ ಪಂದ್ಯಗಳನ್ನಷ್ಟೇ ಇಟ್ಟು ಎಲ್ಲ ತಂಡಗಳ ರೇಟಿಂಗ್ ಹೊಸದಾಗಿ ಮಾಡಿ. ಕೆಲಸ ಜಾಸ್ತಿ, ಆದರೆ ಬೇರೆ ದಾರಿ ಇಲ್ಲ.

ಬಳ್ಳಾರಿ ಮೇಷ್ಟ್ರು:
ಹಾಗೆ ಮಾಡಿದರೆ ಮೊದಲ ವಾರಗಳಲ್ಲಿ ರೇಟಿಂಗ್ ಹುಚ್ಚಾಪಟ್ಟೆ ಏರಿಳಿಯುತ್ತದೆ ತಮ್ಮಾ. ಎದುರಾಳಿಯೇ ಎರಡು ಪಂದ್ಯ ಆಡಿರುವಾಗ ಅವನ ಬಲ ಯಾರಿಗೆ ಗೊತ್ತು? ರೇಟಿಂಗನ್ನು ಸೊನ್ನೆಯ ಕಡೆ, ಅಂದರೆ ಸಾಧಾರಣ ತಂಡದ ಮಟ್ಟಕ್ಕೆ, ಎಳೆಯಬೇಕು. ಆಡಿದ ಪಂದ್ಯಗಳನ್ನು, ಅದಕ್ಕೆ ಆರು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಬಂದದ್ದರಿಂದ ರೇಟಿಂಗನ್ನು ಗುಣಿಸಿ. 3 ಪಂದ್ಯ ಆಡಿದ್ದರೆ ಮೂರನೇ ಒಂದು ಭಾಗ ಉಳಿಯುತ್ತದೆ, 12 ಆಡಿದ್ದರೆ ಮೂರನೇ ಎರಡು. ಆ ಆರು ನನ್ನ ಅಂದಾಜು, ನಿಮ್ಮ ಹಳೆಯ ಸೀಸನ್‌ಗಳಲ್ಲಿ ಪರೀಕ್ಷಿಸಿ. ಹೋದ ವರ್ಷದ ರೇಟಿಂಗ್‌ನಿಂದ ಶುರು ಮಾಡೋಣ ಅನ್ನಿಸಿದರೆ 2022 ಮತ್ತು 2025 ಬಿಡಿ. ಆ ಎರಡು ಸೀಸನ್‌ಗೆ ಮೊದಲು ಮೆಗಾ ಹರಾಜು (ಹೆಚ್ಚಿನ ಆಟಗಾರರನ್ನು ಮತ್ತೆ ಹರಾಜಿಗಿಡುವುದು) ನಡೆದು ತಂಡಗಳ ಆಟಗಾರರೇ ಬದಲಾಗಿದ್ದರು.

ಸಿಂಧನೂರು ಗುಮಾಸ್ತ:
ಇಬ್ಬರಿಗೂ ಶರಣು. ನಾಲ್ಕು ದಿನ ಕೂತು ದಿನದ ಲೆಕ್ಕದಲ್ಲಿ ಮಾಡಿದೆ. ಹಳೆಯ ಸೀಸನ್‌ಗಳಲ್ಲಿ ಕಂಡ ಆ ಹೊಳಪೆಲ್ಲ ಹೋಯಿತು, ಬುಕ್ಕಿಯ ದರ ಈಗ ನನಗಿಂತ ಮುಂದಿದೆ. ಆದರೆ ಬರೀ ನೆಟ್ ರನ್‌ರೇಟ್ ನಂಬಿದ್ದಕ್ಕಿಂತ ಪ್ರತಿ ಸೀಸನ್‌ನಲ್ಲೂ ಸ್ವಲ್ಪ ಮೇಲಿದ್ದೇನೆ. ಇವತ್ತು ರಾತ್ರಿ ಆರರ ಬದಲು ಎಂಟು ಹಾಕಿ ನೋಡುತ್ತೇನೆ ಮೇಷ್ಟ್ರೇ.