‘ಬೇತ್ ಹಯೀಮ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆಲ್ಲ ನಮಸ್ಕಾರ.

ಪ್ರಾಗ್ ನಗರದ ಹಳೆಯ ಯಹೂದಿ ಸ್ಮಶಾನದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಸ್ಮಶಾನ’ ಅನ್ನುವ ಪದದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಹೀಬ್ರೂನಲ್ಲಿ ಇಂಥ ಜಾಗಕ್ಕೆ ‘ಬೇತ್ ಹಯೀಮ್’ ಎನ್ನುವುದುಂಟು. ಬೇತ್ ಅಂದರೆ ಮನೆ. ಹಯೀಮ್ ಅಂದರೆ ಜೀವ, ಬದುಕು, ‘ಬದುಕಿರುವವರು’ ಎಂದೂ ಆಗುತ್ತದೆ. ದೀಪ ಆರಿಸು ಅನ್ನದೆ ‘ದೀಪ ದೊಡ್ಡದು ಮಾಡು’ ಅನ್ನುತ್ತೇವಲ್ಲ, ಅದೇ ಬಗೆಯ ಮಾತು.

‘ರುದ್ರಭೂಮಿ’ಯಲ್ಲಿ ರುದ್ರನಿದ್ದಾನೆ. ‘ಖಬರಸ್ತಾನ’ ಅಂದರೆ ಓದುಗರಿಗೆ ಮುಸ್ಲಿಮರದೇ ನೆನಪಾಗುತ್ತದೆ. ‘ಸುಡುಗಾಡು’ ಅಂತೂ ಬೇಡವೇ ಬೇಡ. ಯಹೂದಿ ಸಂಪ್ರದಾಯದಲ್ಲಿ ಹೂಳುತ್ತಾರೆ, ಸುಡುವುದಿಲ್ಲ. ಅದಷ್ಟೇ ಅಲ್ಲ, ಈ ಸ್ಮಶಾನಕ್ಕೆ ಅಂಟಿಕೊಂಡೇ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಇದೆ. ನಾತ್ಸಿಗಳ ಕೈಯಲ್ಲಿ ಸತ್ತ ಬೊಹೀಮಿಯಾ, ಮೊರಾವಿಯಾ (ಈಗಿನ ಚೆಕ್ ದೇಶದ ಭಾಗಗಳು) ಪ್ರಾಂತ್ಯಗಳ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಅದರ ಗೋಡೆಗಳ ಮೇಲೆ ಬರೆದಿದ್ದಾರೆ. ಅವರಲ್ಲಿ ಎಷ್ಟೋ ಜನರ ದೇಹಗಳನ್ನು ಶಿಬಿರಗಳಲ್ಲಿ ಸುಟ್ಟುಹಾಕಿದರು, ಅವರಿಗೆ ಗೋರಿಯೇ ಇಲ್ಲ. ಆ ಗೋಡೆಯ ಪಕ್ಕದ ನೆಲವನ್ನು ‘ಸುಡುಗಾಡು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

‘ಸಮಾಧಿ’ ಪದದಲ್ಲೂ ಒಂದು ತೊಡಕಿದೆ. ಮೊದಲ ಕರಡಿನಲ್ಲಿ ‘ಇಲ್ಲಿ 12,000 ಸಮಾಧಿಗಳಿವೆ’ ಎಂದು ಬರೆದಿದ್ದೆ, ಅದು ತಪ್ಪು. 12,000 ಅನ್ನುವುದು ಕಲ್ಲುಗಳ ಲೆಕ್ಕ. ಹೂತವರ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. ಜಾಗ ಸಾಲದೆ ಹೋದಾಗ, ಹಳೆಯ ಗೋರಿ ಅಗೆಯಲು ಧರ್ಮ ಬಿಡದ ಕಾರಣ, ಮೇಲೆ ಹೊಸ ಮಣ್ಣು ಹಾಕಿ ಅದರಲ್ಲೇ ಹೂಳುತ್ತ ಬಂದರು. ಹಳೆಯ ಕಲ್ಲುಗಳನ್ನು ಎತ್ತಿ ಮೇಲಿನ ಪದರದಲ್ಲಿ ನಿಲ್ಲಿಸಿದರು. ಅದಕ್ಕೇ ಅಲ್ಲಿ ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು, ವಾಲಿಕೊಂಡು ಒತ್ತೊತ್ತಾಗಿ ನಿಂತಿವೆ. ಅವುಗಳಲ್ಲಿ ಅತಿ ಹಳೆಯದು 1439ರದು, ಕವಿಯೂ ರಬ್ಬಿಯೂ (ಯಹೂದಿ ಧರ್ಮಗುರು) ಆಗಿದ್ದ ಅವಿಗ್ದೋರ್ ಕಾರಾ ಅವರದು. 1787ರ ನಂತರ ಅಲ್ಲಿ ಯಾರನ್ನೂ ಹೂಳಿಲ್ಲ.

ಈ ಕಲ್ಲಿಗೇನು ಹೆಸರು? ಹೀಬ್ರೂನಲ್ಲಿ ‘ಮತ್ಸೇವಾ’, ನಿಲ್ಲಿಸಿದ ಕಲ್ಲು ಎಂದು. ನಮ್ಮ ವೀರಗಲ್ಲು, ನಿಸಿಧಿಗಲ್ಲುಗಳ ಜೊತೆಗೆ ‘ಗೋರಿಗಲ್ಲು’ ಒಪ್ಪುತ್ತದೆ ಅನ್ನಿಸುತ್ತದೆ. 1613ರಲ್ಲಿ ತೀರಿಕೊಂಡ ಇತಿಹಾಸಕಾರ ದಾವಿದ್ ಗಾನ್ಸ್ ಅವರ ಗೋರಿಗಲ್ಲಿನ ಮೇಲೆ ಒಂದು ಹೆಬ್ಬಾತು ಕೆತ್ತಿದೆ. ಜರ್ಮನ್‌ನಲ್ಲಿ ‘ಗಾನ್ಸ್’ ಅಂದರೆ ಹೆಬ್ಬಾತು. ಅಕ್ಷರ ಬಾರದವರೂ ಹೆಸರು ಓದಬಹುದು!

ಬೇತ್ ಹಯೀಮ್‌ಗೆ ‘ಜೀವದ ಮನೆ’ ಎಂದು ಬರೆದುಕೊಂಡಿದ್ದೇನೆ. ‘ಬಾಳ್ಮನೆ’ ಎಂದರೆ ಸಂಸಾರದ ಅರ್ಥ ಬಂದುಬಿಡುತ್ತದೆಯೇ? ಹೂಳುವುದೇ ರೂಢಿಯಾಗಿರುವ ಮನೆತನಗಳವರು ಬಳಗದಲ್ಲಿ ಇದ್ದೀರಿ. ನಿಮ್ಮ ಊರಿನಲ್ಲಿ ಆ ಜಾಗಕ್ಕೆ ಮನೆಮಂದಿ ಏನನ್ನುತ್ತಾರೆ, ದಯವಿಟ್ಟು ತಿಳಿಸಿ.