‘ಅನರ್ಹ’ ಬದಲು ಬೇರೆ ಮಾತು ಬೇಕು: ಕ್ಯಾನ್ಸರ್ ಟ್ರಯಲ್ ಹಾಳೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಿಂದ ಬರೀತಿದ್ದೇನೆ. ಮೂರು ವಾರದಿಂದ ಒಂದು ಪದ ತಲೆಯಲ್ಲಿ ಕೂತಿದೆ, ನಿಮ್ಮ ಸಹಾಯ ಬೇಕು.

ನಮ್ಮ ಕಾಕಾ ನಿಪ್ಪಾಣಿ ಕಡೆಯವರು. ತಂಬಾಕು ಬೆಳೆದವರು, ನಲವತ್ತು ವರ್ಷ ಬೀಡಿ ಸೇದಿದವರು. ಈಗ ಶ್ವಾಸಕೋಶದ ಕ್ಯಾನ್ಸರ್. ಹೊಸ ಔಷಧದ ಟ್ರಯಲ್ ಒಂದಕ್ಕೆ ಸೇರಿಸಿಕೊಳ್ಳಬಹುದೇನೋ ಅಂತ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಿಪೋರ್ಟ್ ಎಲ್ಲ ನೋಡಿದ ಮೇಲೆ ಕೈಗೆ ಕೊಟ್ಟ ಹಾಳೆಯಲ್ಲಿ ಕನ್ನಡದಲ್ಲಿ ಇದ್ದದ್ದು ಒಂದೇ ಸಾಲು: ‘ನೀವು ಈ ಪ್ರಯೋಗಕ್ಕೆ ಅನರ್ಹರು’. ಕಾಕಾ ಎರಡು ಸಲ ಓದಿದರು, ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡರು. ಬಸ್ಸು ಸಂಕೇಶ್ವರ ದಾಟುವ ತನಕ ಮಾತಿಲ್ಲ. ಆಮೇಲೆ ಕೇಳಿದರು, ‘ಬೀಡಿ ಸೇದೀನಂತ ನನ್ನ ತಗೊಳ್ಳಿಲ್ಲೇನು?’

ಕಾರಣ ಅದಲ್ಲವೇ ಅಲ್ಲ. ಮರುದಿನ ನಾನೇ ಹೋಗಿ ವಿಚಾರಿಸಿದೆ. ಆ ಟ್ರಯಲ್ ಇನ್ನೂ ಯಾವ ಚಿಕಿತ್ಸೆಯನ್ನೂ ಶುರು ಮಾಡದವರಿಗೆ ಮಾತ್ರ, ಕಾಕಾಗೆ ಆಗಲೇ ಎರಡು ಸಲ ಕೀಮೋ ಆಗಿತ್ತು. ಅಷ್ಟೇ. ಹಳೇ ಔಷಧದ ಪರಿಣಾಮ ಮೈಯಲ್ಲಿದ್ದರೆ ಹೊಸದು ಎಷ್ಟು ಕೆಲಸ ಮಾಡಿತು ಅಂತ ಲೆಕ್ಕ ಹಾಕೋದು ಕಷ್ಟ. ಇದೇ ತರ ಬೇರೆ ಷರತ್ತುಗಳೂ ಇರುತ್ತವೆ. ರೋಗ ಯಾವ ಹಂತದಲ್ಲಿದೆ, ಕ್ಯಾನ್ಸರ್ ‘ಸ್ಮಾಲ್ ಸೆಲ್’ ಅನ್ನೋ ಬಗೆಯದೋ ಅಲ್ಲವೋ, ಮೂತ್ರಪಿಂಡ, ಯಕೃತ್ತು ಸರಿ ಇವೆಯೋ, ಮಿದುಳಿಗೆ ಹರಡಿದೆಯೋ, ಹೀಗೆ. ಕೆಲವು ಟ್ರಯಲ್‌ಗಳಿಗೆ ಇಜಿಎಫ್‌ಆರ್ ಅನ್ನೋ ಜೀನಿನಲ್ಲಿ ಬದಲಾವಣೆ ಇದ್ದವರೇ ಬೇಕು, ಅದು ಬೀಡಿ ಸಿಗರೇಟು ಮುಟ್ಟದವರಲ್ಲೇ ಜಾಸ್ತಿ ಕಾಣಿಸುತ್ತದೆ. ಇದರಲ್ಲಿ ಯಾವುದೂ ಮನುಷ್ಯನ ಯೋಗ್ಯತೆಯ ಮಾತಲ್ಲ, ಅಲ್ವಾ?

ಆದರೆ ‘ಅರ್ಹ’ ಅಂದರೆ ಯೋಗ್ಯತೆ ಇರುವವನು ಅಂತಲೇ ಅರ್ಥ. ಅದರ ಹಿಂದೆ ‘ಅನ್’ ಸೇರಿದರೆ ಯೋಗ್ಯತೆ ಇಲ್ಲದವನು. ನಮ್ಮ ಕಿವಿಗೆ ಆ ಪದ ಬೀಳುವುದಾದರೂ ಎಲ್ಲಿಂದ? ಅನರ್ಹರ ಬಿಪಿಎಲ್ ಕಾರ್ಡ್ ರದ್ದು, ಅನರ್ಹ ಶಾಸಕರು. 2019ರಲ್ಲಿ ಶಾಸಕರ ಅನರ್ಹತೆಯಿಂದ ಅಥಣಿ, ಕಾಗವಾಡ, ಗೋಕಾಕಗಳಲ್ಲಿ ಉಪಚುನಾವಣೆ ಆದಾಗ ಈ ಭಾಗದಲ್ಲಿ ದಿನ ಬೆಳಗಾದರೆ ಅದೇ ಪದ. ಏನೋ ತಪ್ಪು ಮಾಡಿ ಹೊರಗೆ ಹಾಕಿಸಿಕೊಂಡವನು ಅಂತಲೇ ಅದು ಮನಸ್ಸಲ್ಲಿ ಕೂತಿದೆ. ರೋಗಿಯ ಕೈಗೆ ಆ ಪದ ಕೊಡಬಾರದು.

‘ಪ್ರಯೋಗ’ ಕೂಡ ನನಗೆ ಸರಿ ಅನ್ನಿಸುವುದಿಲ್ಲ. ಹಳ್ಳಿಯಲ್ಲಿ ‘ಯಾರೋ ಪ್ರಯೋಗ ಮಾಡಿಸ್ಯಾರ’ ಅಂದರೆ ಮಾಟ. ‘ಟ್ರಯಲ್’ ಅಂತಲೇ ಬಿಡೋಣ, ಅಥವಾ ‘ಔಷಧ ಪರೀಕ್ಷೆ’.

ಆ ಆಸ್ಪತ್ರೆಯವರು ಒಳ್ಳೆಯವರು. ನಾನು ಹೇಳಿದ್ದು ಕೇಳಿ, ಹಾಗಾದರೆ ಆ ಸಾಲಿನ ಜೊತೆ ಟ್ರಯಲ್‌ನ ಮಾಹಿತಿ ಹಾಳೆಯನ್ನೂ ನೀವೇ ತಿದ್ದಿಕೊಡಿ ಅಂದರು. ಮಾಹಿತಿ ಹಾಳೆ ಜನರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ 2019ರ ಕೇಂದ್ರದ ನಿಯಮವೇ ಇದೆ. ತಿದ್ದಲು ಕೂತಾಗ ಇನ್ನೆರಡು ಕಡೆ ಸಿಕ್ಕಿಬಿದ್ದೆ.

ಒಂದು, ‘ಕಾರ್ಯಕ್ಷಮತೆಯ ಸ್ಥಿತಿ 0 ಅಥವಾ 1 ಇರಬೇಕು’. ಇದು ಇಕಾಗ್ ಅನ್ನೋ ಅಳತೆ, 0ಯಿಂದ 5ರ ತನಕ. 0 ಅಂದರೆ ರೋಗ ಬರುವ ಮುಂಚಿನ ಹಾಗೆ ಎಲ್ಲ ಕೆಲಸ ಮಾಡುವವರು. 1 ಅಂದರೆ ಭಾರದ ಕೆಲಸ ಆಗುವುದಿಲ್ಲ, ಹಗುರ ಕೆಲಸ ಆಗುತ್ತದೆ. 4 ಅಂದರೆ ಹಾಸಿಗೆ ಬಿಟ್ಟು ಏಳಲಾಗದವರು. ನಾನು ಹೀಗೆ ಬರೆದೆ: ‘ಎದ್ದು ಓಡಾಡುತ್ತೀರಿ, ನಿಮ್ಮ ಕೆಲಸ ನೀವೇ ಮಾಡಿಕೊಳ್ಳುತ್ತೀರಿ, ಹೊಲದಲ್ಲಿ ಭಾರ ಎತ್ತಲು ಆಗದಿದ್ದರೂ ನಡೆಯುತ್ತದೆ’. ಓದಿ ಹೇಳಿದಾಗ ಕಾಕಾ ತಕ್ಷಣ, ‘ಹಂಗಂದ್ರ ನಾ ಒಂದು’ ಅಂದರು.

ಇನ್ನೊಂದು ಪ್ಯಾಕ್-ಇಯರ್. ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ಅಮೆರಿಕದಲ್ಲಿ 2011ರಲ್ಲಿ ಫಲಿತಾಂಶ ಬಂದ ಶ್ವಾಸಕೋಶ ಕ್ಯಾನ್ಸರ್ ತಪಾಸಣೆಯ ದೊಡ್ಡ ಟ್ರಯಲ್‌ಗೆ 55ರಿಂದ 74 ವಯಸ್ಸಿನ, ಕನಿಷ್ಠ 30 ಪ್ಯಾಕ್-ಇಯರ್ ಸೇದಿದವರನ್ನು ತಗೊಂಡಿದ್ದರು. ಹಾಳೆಯಲ್ಲಿ ಇದು ‘ಪೊಟ್ಟಣ-ವರ್ಷ’ ಆಗಿತ್ತು. ನಮ್ಮಲ್ಲಿ ಲೆಕ್ಕ ಕಟ್ಟಿನದು, ಕಟ್ಟಿನಲ್ಲಿ ಇಪ್ಪತ್ತೇ ಇರಬೇಕು ಅಂತ ಇಲ್ಲ, ಬೀಡಿ ಸಿಗರೇಟೂ ಅಲ್ಲ. ಹಾಗಾಗಿ ಆ ಪದವನ್ನೇ ಕೈಬಿಟ್ಟು ‘ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷದಿಂದ?’ ಅಂತ ಎರಡು ಪ್ರಶ್ನೆ ಮಾಡಿದೆ. ಗುಣಾಕಾರ ಡಾಕ್ಟರೇ ಮಾಡಿಕೊಳ್ಳಲಿ.

ಈಗ ‘ಅನರ್ಹ’ದ ಮಾತು. ರಕ್ತ ಕೊಡಲು ಹೋದವರಿಗೆ ‘ನಿಮ್ಮ ರಕ್ತ ಹೊಂದುವುದಿಲ್ಲ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದನ್ನೇ ಹಿಡಿದು ‘ನಿಮಗೆ ಈಗಾಗಲೇ ಕೀಮೋ ಆಗಿರುವುದರಿಂದ ಈ ಟ್ರಯಲ್ ನಿಮಗೆ ಹೊಂದುವುದಿಲ್ಲ’ ಅಂತ ಬರೆದಿದ್ದೇನೆ. ಕಾರಣ ಅದೇ ಸಾಲಿನಲ್ಲಿದೆ, ಹೊಂದದೇ ಇರುವುದು ಟ್ರಯಲ್, ಮನುಷ್ಯ ಅಲ್ಲ. ನಮ್ಮ ಮನೆಯಲ್ಲಿ ಅವ್ವ ‘ಕೂಡಿ ಬರೂದಿಲ್ಲ ಅಂತ ಬರಿ’ ಅಂತಾಳೆ, ಹೆಣ್ಣು ಗಂಡಿನ ಸಂಬಂಧಕ್ಕೆ ಹೇಳುವ ಹಾಗೆ. ಚೆಂದ ಇದೆ, ಆದರೆ ದೈವದ ಮೇಲೆ ಹಾಕಿದ ಹಾಗೆ ಆಗುತ್ತೇನೋ ಅಂತ ಹಿಂಜರಿಕೆ.

ತಲೆಬರಹಕ್ಕೆ ಮಾತ್ರ ಒಂದು ಪದ ಸಿಕ್ಕಿಲ್ಲ. ‘ಅರ್ಹತಾ ಮಾನದಂಡಗಳು’ ಅಂತಿದ್ದದ್ದನ್ನು ಸದ್ಯಕ್ಕೆ ‘ಯಾರು ಸೇರಬಹುದು, ಯಾರು ಸೇರಲು ಬರುವುದಿಲ್ಲ’ ಅಂತ ಮಾಡಿದ್ದೇನೆ. ಬಾಗಲಕೋಟೆ, ವಿಜಯಪುರ ಕಡೆ ಇದಕ್ಕೆ ಬೇರೆ ಬಳಕೆ ಇದ್ದರೆ ದಯವಿಟ್ಟು ತಿಳಿಸಿ. ಹಾಳೆ ಅಚ್ಚಿಗೆ ಹೋಗುವುದು ಮುಂದಿನ ಸೋಮವಾರ.